ಮಷಿನ್ ಮೇಲೆ ಜೋಳದ ಚೀಲ: ಯಲಬುರ್ಗಾ ಸೀಮೆಯ ಒಂದು ರೊಟ್ಟಿ ಕೇಂದ್ರದ ಪ್ರಕರಣ

2024ರ ಆಗಸ್ಟ್. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದ ವಾರ. ಕೊಪ್ಪಳದ ಯಾವ ಚಹಾದಂಗಡಿಗೆ ಹೋದರೂ ಅದೇ ಮಾತು. ಗಂಗಾವತಿ, ಕಾರಟಗಿ ಕಡೆಯವರ ಮುಖ ನೋಡಲು ಆಗುತ್ತಿರಲಿಲ್ಲ. ನಾನು ಹೋಗಿದ್ದು ಯಲಬುರ್ಗಾ ಕಡೆಗೆ. ಅಲ್ಲಿ ಕಾಲುವೆ ನೀರಿನ ಸುದ್ದಿ ಜಾಸ್ತಿ ಇಲ್ಲ. ಎರಿ ಹೊಲ, ಮಳೆ ನಂಬಿದ ಬೆಳೆ, ಹಿಂಗಾರಿಗೆ ಬಿಳಿಜೋಳ. ಊರಿನ ಹೆಸರು ಬೇಡ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಬರೆಯುವುದಿಲ್ಲ.

ಆ ಮನೆಯ ಪಡಸಾಲೆಯಲ್ಲಿ ರೊಟ್ಟಿ ಮಷಿನ್ ನಿಂತಿತ್ತು. ಅದರ ಮೇಲೆ ಹಳೆ ಸೀರೆ ಹೊದಿಸಿದ್ದರು. ಸೀರೆ ಮೇಲೆ ಎರಡು ಜೋಳದ ಚೀಲ. ಚೀಲದ ಮೇಲೆ ಬೆಕ್ಕು ಮಲಗಿತ್ತು. ಹತ್ತು ಹೆಜ್ಜೆ ಆಚೆ ತಗಡಿನ ಶೆಡ್ಡಿನಲ್ಲಿ ಐದು ಮಂದಿ ಹೆಣ್ಣುಮಕ್ಕಳು ಸಾಲಾಗಿ ಕೂತು ಕೈಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಆ ಟಪಟಪ ಸದ್ದು ಓಣಿಯ ತುದಿಗೇ ಕೇಳಿಸಿತ್ತು.

ಮಷಿನ್ ಬೆಲೆ 4 ಲಕ್ಷ 80 ಸಾವಿರ. ಅದಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಟ್ಟವನು ನಾನೇ.

ಕೊಪ್ಪಳದಲ್ಲಿ ನನ್ನದೊಂದು ಸಣ್ಣ ಆಫೀಸು ಇದೆ. ಅಂಗಡಿಯವರ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ, ಸಾಲಕ್ಕೆ ಓಡಾಡುವವರಿಗೆ ಕಾಗದಪತ್ರ ಮಾಡಿಕೊಡುತ್ತೇನೆ. ಭಾಗ್ಯನಗರದ ಕೂದಲು ವ್ಯಾಪಾರದವರು, ಮಗ್ಗದವರು, ಕಿನ್ನಾಳದ ಗೊಂಬೆ ಮಾಡುವವರು, ಹಿಟ್ಟಿನ ಗಿರಣಿಯವರು ಎಲ್ಲ ಬರುತ್ತಾರೆ. ಸಣ್ಣ ಉದ್ಯೋಗಕ್ಕೆ ಸರ್ಕಾರದ ನೆರವು ಅಂದರೆ ಏನು, ಅದು ಎಲ್ಲಿ ಮುಟ್ಟುತ್ತೆ, ಎಲ್ಲಿ ಮುಟ್ಟುವುದಿಲ್ಲ ಅಂತ ಹತ್ತು ವರ್ಷದಿಂದ ನೋಡುತ್ತಿದ್ದೇನೆ. ನೋಡಿಯೂ ಈ ತಪ್ಪು ಮಾಡಿದೆ. ಅದಕ್ಕೇ ಈ ಒಂದು ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಶುರುವಾದ ಬಗೆ

ರೊಟ್ಟಿ ಕೇಂದ್ರ ನಡೆಸುವ ಅಕ್ಕಾರು ಸಂಜೀವಿನಿ ಅನ್ನುವ ಮಹಿಳಾ ಸ್ವಸಹಾಯ ಸಂಘದ ಸದಸ್ಯೆ. ಸಂಘದಲ್ಲಿ ಹತ್ತು ಮಂದಿ, ರೊಟ್ಟಿ ಕೆಲಸಕ್ಕೆ ಬರುವವರು ಐದು ಮಂದಿ. ಮೊದಲ ಗಿರಾಕಿ ಸಿಕ್ಕಿದ್ದು ಬಸ್ಸಿನಲ್ಲಿ. ಗಿಣಿಗೇರಿ ಕಡೆ ಫ್ಯಾಕ್ಟರಿಗಳಿವೆ, ಅಲ್ಲಿ ಕೆಲಸ ಮಾಡುವವರಿಗೆ ಊಟ ಹಾಕುವ ಖಾನಾವಳಿಗಳಿವೆ. ಅಂಥ ಒಂದು ಖಾನಾವಳಿಯ ಯಜಮಾನ ಅಕ್ಕಾರ ಬುಟ್ಟಿಯಲ್ಲಿದ್ದ ಕಟಕ ರೊಟ್ಟಿ ನೋಡಿ, ನಮಗೂ ಕೊಡ್ತೀರೇನು ಅಂದ. ತವರಿಗೆ ಒಯ್ಯುತ್ತಿದ್ದ ರೊಟ್ಟಿ ಅವು. ರೇಟು ಎಷ್ಟು ಅಂತ ಕೇಳಿದಾಗ ಅಕ್ಕಾರಿಗೆ ಬಾಯಿ ಬರಲಿಲ್ಲವಂತೆ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಕಡೆ ರೊಟ್ಟಿಗೆ ರೇಟು ಕಟ್ಟುವ ರೂಢಿ ಇಲ್ಲ. ಕೊಪ್ಪಳದ ಗವಿಮಠದಲ್ಲಿ ಗವಿಸಿದ್ದಪ್ಪಜ್ಜನ ಜಾತ್ರೆ ಬಂತೆಂದರೆ ಊರೂರಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ದಾಸೋಹಕ್ಕೆ ಹೋಗುತ್ತವೆ. ಮನೆಮನೆಯಲ್ಲಿ ಹೆಣ್ಣುಮಕ್ಕಳು ವಾರಗಟ್ಟಲೆ ಬಡಿದಿಟ್ಟ ರೊಟ್ಟಿ. ಯಾರೂ ಎಣಿಸುವುದಿಲ್ಲ, ಯಾರೂ ಕೂಲಿ ಕೇಳುವುದಿಲ್ಲ. ರೊಟ್ಟಿ ಪಂಚಮಿಗೆ ಬೀಗರ ಮನೆಗೆ, ಓಣಿಯವರ ಮನೆಗೆ ಹಂಚುವುದೂ ಹಾಗೆಯೇ. ಹೀಗೆ ಕೊಟ್ಟು ರೂಢಿ ಇರುವ ಕೈಗೆ, ಒಂದಕ್ಕೆ ಇಷ್ಟು ಅಂತ ಹೇಳಲು ನಾಚಿಕೆ. ಕೊನೆಗೆ ಯಜಮಾನನೇ ಹೇಳಿದ: 5 ರೂಪಾಯಿ. ಅದೇ ರೇಟು ಮುಂದೆ ನಿಂತುಬಿಟ್ಟಿತು.

ಒಂದು ಖಾನಾವಳಿ ಮೂರಾಯಿತು. ಆಮೇಲೆ ಕೊಪ್ಪಳದ ಎರಡು ಅಂಗಡಿ. ದಿನಕ್ಕೆ 800 ರೊಟ್ಟಿ ಹೋಗತೊಡಗಿದವು. ಅಷ್ಟೊತ್ತಿಗೆ ಊರಲ್ಲಿ ಯಾರೋ ಸಬ್ಸಿಡಿ ಸುದ್ದಿ ಹೇಳಿದರು. ಅಕ್ಕಾರು ನನ್ನ ಆಫೀಸಿಗೆ ಬಂದರು.

ನಾನು ಬರೆದ ರಿಪೋರ್ಟು

ಪಿಎಂಎಫ್‌ಎಂಇ ಅಂತ ಕೇಂದ್ರ ಸರ್ಕಾರದ ಒಂದು ಯೋಜನೆ. 2020ರಲ್ಲಿ ಬಂದದ್ದು, ಸಣ್ಣ ಪ್ರಮಾಣದಲ್ಲಿ ತಿಂಡಿ ತಿನಿಸು, ಆಹಾರ ಪದಾರ್ಥ ಮಾಡುವವರಿಗೆ. ಆಗಿನ ನಿಯಮದಂತೆ ಯೋಜನೆಯಲ್ಲಿ 35 ಪರ್ಸೆಂಟ್ ಸಬ್ಸಿಡಿ, ನಮ್ಮ ರಾಜ್ಯ ಅದರ ಮೇಲೆ 15 ಸೇರಿಸುತ್ತಿತ್ತು. ಒಟ್ಟು ಅರ್ಧ, ಗರಿಷ್ಠ 15 ಲಕ್ಷದವರೆಗೆ. ಕೈಯಿಂದ ಹಾಕಬೇಕಾದ್ದು 10 ಪರ್ಸೆಂಟ್. ಒಂದು ಜಿಲ್ಲೆಗೆ ಒಂದು ಉತ್ಪನ್ನ ಅಂತಲೂ ಇದೆ. ರಾಯಚೂರಿಗೆ ಮೆಣಸಿನಕಾಯಿ, ಬಳ್ಳಾರಿಗೆ ಅಂಜೂರ, ಕೊಪ್ಪಳಕ್ಕೆ ಪೇರಲ. ಬೇರೆ ಪದಾರ್ಥ ಮಾಡುವವರಿಗೂ ಅವಕಾಶ ಇರುವುದರಿಂದ ರೊಟ್ಟಿಗೆ ತೊಂದರೆ ಆಗಲಿಲ್ಲ. ಇಷ್ಟು ಜೋಳ ತಿನ್ನುವ ಜಿಲ್ಲೆಗೆ ಪೇರಲ ಹೇಗೆ ಬಂತು ಅಂತ ಒಮ್ಮೆ ಅನಿಸಿದ್ದು ಮಾತ್ರ ನಿಜ.

ಈ ಸಬ್ಸಿಡಿಯ ಬಗ್ಗೆ ಜನರಲ್ಲಿ ಒಂದು ತಪ್ಪು ಕಲ್ಪನೆ ಇದೆ. ಅರ್ಧ ದುಡ್ಡು ಕೈಗೆ ಬರುತ್ತೆ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಬೇರೆ ಖಾತೆಯಲ್ಲಿ 3 ವರ್ಷ ಕೂರುತ್ತೆ. ಸಾಲ ಸರಿಯಾಗಿ ನಡೆದಿದ್ದರೆ, ಘಟಕ ಚಾಲ್ತಿಯಲ್ಲಿದ್ದರೆ, ಆಮೇಲೆ ಸಾಲಕ್ಕೆ ವಜಾ ಆಗುತ್ತೆ. ಅಲ್ಲಿಯವರೆಗೆ ಕಂತು ಕಟ್ಟುತ್ತಲೇ ಇರಬೇಕು. ಅಕ್ಕಾರ ಸಾಲ 4 ಲಕ್ಷ 32 ಸಾವಿರ, ಐದು ವರ್ಷದ ಅವಧಿ, ಕಂತು ತಿಂಗಳಿಗೆ ಹೆಚ್ಚುಕಡಿಮೆ 9,400.

ಈಗ ನನ್ನ ರಿಪೋರ್ಟಿನ ವಿಷಯ. ಮಷಿನ್ ಮಾರುವವನು ಗಂಟೆಗೆ 400 ರೊಟ್ಟಿ ಅಂತ ಕೊಟೇಶನ್‌ನಲ್ಲಿ ಬರೆದಿದ್ದ. ನಾನು ಎಂಟು ಗಂಟೆ ಹಾಕಿದೆ, 3,200 ಆಯಿತು. ಮೊದಲ ವರ್ಷ 70 ಪರ್ಸೆಂಟ್ ಸಾಮರ್ಥ್ಯ ಹಿಡಿದೆ. ದಿನಕ್ಕೆ 2,240. ವರ್ಷಕ್ಕೆ 300 ದಿನ ಅಂದರೆ 6 ಲಕ್ಷ 72 ಸಾವಿರ ರೊಟ್ಟಿ. 5 ರೂಪಾಯಿಯಂತೆ 33 ಲಕ್ಷದ ಮೇಲೆ ವಹಿವಾಟು. ಎರಡನೇ ವರ್ಷಕ್ಕೆ 80, ಮೂರಕ್ಕೆ 90. ಹಾಳೆಯ ಮೇಲೆ ಚೆಂದ ಕಾಣುತ್ತಿತ್ತು. ಬ್ಯಾಂಕಿನವರಿಗೂ ಹೀಗೆಯೇ ಬೇಕು, ಎಲ್ಲರೂ ಹೀಗೆಯೇ ಬರೆಯುತ್ತಾರೆ.

ಆ ದಿನ 800 ರೊಟ್ಟಿ ಹೋಗುತ್ತಿದ್ದವು. ಉಳಿದ 1,440 ಯಾರು ತಿನ್ನುತ್ತಾರೆ ಅಂತ ನಾನು ಕೇಳಲಿಲ್ಲ, ಬ್ಯಾಂಕಿನವರೂ ಕೇಳಲಿಲ್ಲ. ಇನ್ನೊಂದು ದೊಡ್ಡ ತಪ್ಪು ದುಡಿಯುವ ಬಂಡವಾಳದ, ಅಂದರೆ ದಿನನಿತ್ಯದ ಖರೀದಿಗೆ ಬೇಕಾದ ದುಡ್ಡಿನ, ಕಾಲಮ್ಮಿನದು. ದಿನಕ್ಕೆ 2,240 ರೊಟ್ಟಿ ಮಾಡಲು ತಿಂಗಳಿಗೆ 28 ಕ್ವಿಂಟಲ್ ಮೇಲೆ ಜೋಳ ಬೇಕು. ಲಕ್ಷ ರೂಪಾಯಿ ಜೋಳಕ್ಕೇ ಹೋಗುತ್ತೆ. ನಾನು ಆ ಕಾಲಮ್ಮಿನಲ್ಲಿ ಸುಮ್ನೆ 50 ಸಾವಿರ ಅಂತ ಬರೆದು ಮುಂದಕ್ಕೆ ಹೋಗಿದ್ದೆ. ಸಾಲ ಮಂಜೂರಾದಾಗ ಆ 50 ಸಾವಿರವೂ ಬಿಟ್ಟುಹೋಯಿತು, ಮಷಿನ್‌ಗೆ ಮಾತ್ರ ಕೊಟ್ಟರು. ನಾವು ಯಾರೂ ತಕರಾರು ಮಾಡಲಿಲ್ಲ. ನನ್ನ ಫೀಸು ಮಷಿನ್ ಬೆಲೆ ನೋಡಿ ಏರುತ್ತಿತ್ತು ಅನ್ನುವುದನ್ನೂ ಹೇಳಿಬಿಡುತ್ತೇನೆ.

ಮಷಿನ್ ಯಾಕೆ ನಿಂತಿತು

ಕೆಟ್ಟು ನಿಂತದ್ದಲ್ಲ ಅದು. ಗುಂಡಿ ಒತ್ತಿದರೆ ಇವತ್ತೂ ತಿರುಗುತ್ತೆ.

ಮೊದಲ ತಂಟೆ ಕರೆಂಟಿನದು. ಸುಡುವ ಭಾಗಕ್ಕೆ ತ್ರೀ ಫೇಸ್ ಬೇಕು. ಮನೆಯಲ್ಲಿದ್ದದ್ದು ಸಿಂಗಲ್ ಫೇಸ್. ಹೊಸ ಮೀಟರು, ಡಿಪಾಜಿಟ್ಟು, ವೈರಿಂಗು ಅಂತ ಮತ್ತೆ ಕೈಯಿಂದ ಹೋಯಿತು. ಇದು ರಿಪೋರ್ಟಿನಲ್ಲಿ ಇರಲಿಲ್ಲ.

ಎರಡನೆಯದು ಹಿಟ್ಟಿನ ಜಿಗಿ. ರೊಟ್ಟಿ ಬಡಿದವರಿಗೆ ಇದು ಗೊತ್ತು. ಗೋಧಿಗಿರುವ ಅಂಟು ಜೋಳಕ್ಕಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತೆ. ಬೀಸಿ ನಾಲ್ಕು ದಿನ ಆದ ಹಿಟ್ಟಿನಲ್ಲಿ ಜಿಗಿ ಕಡಿಮೆ, ಮಳೆಗೆ ಸಿಕ್ಕ ಜೋಳದಲ್ಲಿ ಇನ್ನೂ ಕಡಿಮೆ. ಬಡಿಯುವ ಕೈ ಇದನ್ನು ಮುಟ್ಟಿದ ಕೂಡಲೇ ತಿಳಿದುಕೊಳ್ಳುತ್ತೆ. ಇನ್ನೊಂದು ಹನಿ ನೀರು ಹಚ್ಚುತ್ತೆ, ಅಂಚಿಗೆ ಬಂದಾಗ ಹಗುರ ಮಾಡುತ್ತೆ. ಮಷಿನ್ ಎಲ್ಲ ಹಿಟ್ಟನ್ನೂ ಒಂದೇ ತರ ಒತ್ತುತ್ತೆ. ಮಾಲದಂಡಿ ತಳಿಯ ಬಿಳಿಜೋಳ, ಆವತ್ತೇ ಬೀಸಿದ ಹಿಟ್ಟು ಇದ್ದರೆ ರೊಟ್ಟಿ ಚಲೋ ಬರುತ್ತೆ. ಪೇಟೆಯಲ್ಲಿ ಸಿಕ್ಕಿದ ಕಲಬೆರಕೆ ಜೋಳ ಆದರೆ ಅಂಚು ಸೀಳಿ ಬೀಳುತ್ತೆ.

ಮೂರನೆಯದೇ ನಿಜವಾದ ಕಾರಣ. 800 ರೊಟ್ಟಿಗೆ ಮಷಿನ್ ಎರಡು ತಾಸು ಓಡಿದರೆ ಸಾಕು. ಎರಡು ತಾಸಿನ ಕೆಲಸಕ್ಕೆ ಇಬ್ಬರು ಸಾಕು. ಉಳಿದ ಮೂವರು ಮನೆಗೆ ಹೋಗಬೇಕು. ಅವರು ಅದೇ ಓಣಿಯವರು, ಅದೇ ಸಂಘದವರು, ಅಕ್ಕಾರ ಸಾಲಕ್ಕೆ ಧೈರ್ಯ ತುಂಬಿದವರು. ಮೊದಲ ತಿಂಗಳು ಮಷಿನ್ ಓಡಿಸಿದಾಗ ಅವರು ಬಾಗಿಲಲ್ಲಿ ನಿಂತು ನೋಡಿ ಸುಮ್ಮನೆ ವಾಪಸ್ ಹೋಗುತ್ತಿದ್ದರಂತೆ. ಅಷ್ಟರಲ್ಲಿ ಒಬ್ಬ ಖಾನಾವಳಿಯವನು, ನಮ್ಮ ಮಂದಿಗೆ ಬಡಿದ ರೊಟ್ಟಿನೇ ಬೇಕ್ರಿ ಅಂದ. ಅಕ್ಕಾರಿಗೂ ಒಂದು ನೆಪ ಸಿಕ್ಕಿತು. ಸೀರೆ ಹೊದಿಸಿದರು.

ಒಂದು ಭಾಗ ಮಾತ್ರ ದಿನಾ ಓಡುತ್ತೆ, ಹಿಟ್ಟು ನಾದುವ ಡಬ್ಬಿ. ಅದಕ್ಕೆ ಸಿಂಗಲ್ ಫೇಸ್ ಸಾಕು. 40 ಕಿಲೋ ಹಿಟ್ಟು ಕೈಯಲ್ಲಿ ನಾದಿ ನಾದಿ ಅಕ್ಕಾರ ಬಲ ಭುಜ ಏಳುತ್ತಿರಲಿಲ್ಲ. ಅದೊಂದೇ ತಗೊಂಡಿದ್ದರೆ ಸಾಲದ ಮೊತ್ತ ಎಷ್ಟೋ ಕಡಿಮೆ ಆಗುತ್ತಿತ್ತು. ಸಣ್ಣ ಮಷಿನ್ ಸಾಕು ಅಂತ ಆಗ ಯಾರೂ ಹೇಳಲಿಲ್ಲ. ಹೇಳಬೇಕಾದವನು ನಾನಿದ್ದೆ.

ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕ

ಆ ಆಗಸ್ಟಿನಲ್ಲಿ ಅಕ್ಕಾರು ನನ್ನನ್ನು ಕರೆಸಿದ್ದು ಎರಡು ಕಂತು ಬಾಕಿ ಬಿದ್ದಿದ್ದಕ್ಕೆ. "ದಿನಾ ಎಂಟನೂರು ರೊಟ್ಟಿ ಹೋಗ್ತಾವ್ರಿ ಅಣ್ಣಾರ. ಆದ್ರ ಕೈಯಾಗ ರೊಕ್ಕನ ನಿಲ್ಲವಲ್ದು," ಅಂದರು. ಲೆಕ್ಕದ ಪುಸ್ತಕ ಕೇಳಿದೆ. ಪುಸ್ತಕ ಇರಲಿಲ್ಲ. ಗೋಡೆಯ ಮೇಲಿದ್ದ ಹಳೆ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಬರೆಯತೊಡಗಿದೆವು. ಬಡಿಯುತ್ತಿದ್ದವರೂ ಒಬ್ಬೊಬ್ಬರಾಗಿ ಎದ್ದು ಬಂದು ಸುತ್ತ ಕೂತರು.

ನೂರು ರೊಟ್ಟಿಗೆ ಎಷ್ಟು ಬೀಳುತ್ತೆ? ಹಿಟ್ಟು 5 ಕಿಲೋ. ಕಸ, ಕಡ್ಡಿ, ಕಲ್ಲು ತೆಗೆದರೆ ಜೋಳ ಐದೂಕಾಲು ಕಿಲೋ ಬೇಕು. ಸುಗ್ಗಿ ರೇಟು ಕಿಲೋಗೆ 40 ಹಿಡಿದರೆ 210 ರೂಪಾಯಿ. ಗಿರಣಿಗೆ 25. ಕಟ್ಟಿಗೆ, ಗ್ಯಾಸು ಸೇರಿ 50. ಕವರು, ದಾರ 30. ಬಸ್ಸಿಗೆ, ಆಟೋಕ್ಕೆ 30. ಒಟ್ಟು 345.

ಮಾರಿದ್ದಕ್ಕೆ ಬರುವುದು 500 ಅಂದರು ಎಲ್ಲರೂ. ಒಡೆದ ರೊಟ್ಟಿ ಎಷ್ಟು ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೂರಕ್ಕೆ ಆರು ಒಡೆಯುತ್ತವೆ. ಅವು ಮನೆಯಲ್ಲೇ ಉಳಿಯುತ್ತವೆ, ಮಕ್ಕಳು ಮಜ್ಜಿಗೆಗೆ ಮುರಿದು ತಿನ್ನುತ್ತಾರೆ. ಅಂದರೆ 94 ರೊಟ್ಟಿಗೆ 470. ಖರ್ಚು ಕಳೆದು ಉಳಿದದ್ದು 125.

ಈ 125ರಲ್ಲಿ ಬಡಿದವರ ಕೂಲಿ ಬರಬೇಕು. ಬೆಳಗ್ಗೆಯಿಂದ ಸಂಜೆವರೆಗೆ ಕೂತರೆ ಒಬ್ಬರಿಗೆ 160 ರೊಟ್ಟಿ. ಅಂದರೆ ದಿನಕ್ಕೆ 200 ರೂಪಾಯಿ. ಆ ವರ್ಷ, 2024-25ರಲ್ಲಿ, ಉದ್ಯೋಗ ಖಾತ್ರಿಯ ಕೂಲಿ 349 ರೂಪಾಯಿ ಇತ್ತು. ಕಂತಿನ 9,400 ಇದರಲ್ಲಿ ಇನ್ನೂ ಬಂದೇ ಇಲ್ಲ.

ಅದು ಸುಗ್ಗಿ ರೇಟಿನ ಲೆಕ್ಕ. ಅವರು ಸುಗ್ಗಿಯಲ್ಲಿ ಜೋಳ ಕೊಂಡಿರಲಿಲ್ಲ. ವಾರವಾರ ಸಂತೆಯಲ್ಲಿ, ಕೈಯಲ್ಲಿದ್ದಷ್ಟು ದುಡ್ಡಿಗೆ, ಒಂದು ಚೀಲ ಎರಡು ಚೀಲ ತರುತ್ತಿದ್ದರು. ಆ ವಾರ ಅವರು ಕೊಟ್ಟ ರೇಟು ಕಿಲೋಗೆ 55. ನೂರು ರೊಟ್ಟಿಗೆ 79 ರೂಪಾಯಿ ಜಾಸ್ತಿ. ಉಳಿತಾಯ 125ರಿಂದ 46ಕ್ಕೆ ಇಳಿಯಿತು. ದಿನಗೂಲಿ 74 ರೂಪಾಯಿ.

ಯಾರೂ ಮಾತಾಡಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಅಜ್ಜಿಯೊಬ್ಬಳು, "ಎಪ್ಪತ್ನಾಕ ಅಂದ್ರ ಕಸಾ ತೆಗ್ಯಾಕ ಹೋದ್ರ ಇದಕ್ಕಿಂತ ಚಲೋ ಐತಲ್ಲೋ ತಮ್ಮಾ," ಅಂದಳು. ನಕ್ಕಳೋ ಬೈದಳೋ ನನಗೆ ತಿಳಿಯಲಿಲ್ಲ.

ದುಡ್ಡು ಎಲ್ಲಿ ಸಿಕ್ಕಿಕೊಂಡಿತ್ತು

ರೇಟು ಒಂದು ಕಡೆ, ಉದ್ರಿ ಇನ್ನೊಂದು ಕಡೆ. ಖಾನಾವಳಿಯವರು ಮೊದಲು ವಾರಕ್ಕೊಮ್ಮೆ ಕೊಡುತ್ತಿದ್ದರು, ಆಮೇಲೆ ಹದಿನೈದು ದಿನ, ಈಗ ನಲವತ್ತು ದಿನ. ಅವರದೂ ಪೂರ್ತಿ ತಪ್ಪಲ್ಲ. ಅವರಲ್ಲಿ ಉಣ್ಣುವವರೂ ಪಗಾರ ಆದಮೇಲೆಯೇ ಕೊಡುವುದು. ತಿಂಗಳಿಗೆ 90 ಸಾವಿರದ ವ್ಯಾಪಾರ ಅಂದರೆ ಯಾವಾಗಲೂ ಲಕ್ಷದ ಮೇಲೆ ಹೊರಗೆ ನಿಂತಿರುತ್ತಿತ್ತು.

ಆ ಗುಂಡಿ ತುಂಬಲು ಅಕ್ಕಾರು ಮೈಕ್ರೋ ಫೈನಾನ್ಸಿನವರ ಹತ್ತಿರ ಹೋಗಿದ್ದರು. ಎರಡು ಕಡೆ ಸೇರಿ 80 ಸಾವಿರ. ಬಡ್ಡಿ ವರ್ಷಕ್ಕೆ 24ರ ಆಸುಪಾಸು, ಎರಡು ವರ್ಷದ ಅವಧಿ. ವಾರದ ಕಂತು ಹತ್ತಿರ ಹತ್ತಿರ ಸಾವಿರ ರೂಪಾಯಿ. ಗಿರಾಕಿಯಿಂದ ದುಡ್ಡು ಬರುವುದು ನಲವತ್ತು ದಿನಕ್ಕೆ, ಕಂತಿನವನು ಬರುವುದು ಮಂಗಳವಾರ ಮಂಗಳವಾರ. ನಾನು ಆಮೇಲೆ ಎಷ್ಟೋ ಸಣ್ಣ ಉದ್ಯೋಗದವರ ಪಾಸ್‌ಬುಕ್ ನೋಡಿದೆ, ಇದೇ ಕಥೆ. ವ್ಯಾಪಾರ ಇದೆ, ದುಡಿಮೆ ಇದೆ. ದುಡ್ಡು ಬರುವ ದಿನ ಮತ್ತು ಕಟ್ಟುವ ದಿನ ಮಾತ್ರ ಕೂಡುವುದಿಲ್ಲ. ಅಷ್ಟಕ್ಕೇ ಜನ ಬೀಳುತ್ತಾರೆ. ಕಿರುಕುಳ ಕೊಟ್ಟು ವಸೂಲಿ ಮಾಡುವುದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದರಿಂದ ಮನೆ ಮುಂದೆ ನಿಂತು ಬೈಯುವುದು ಕಡಿಮೆ ಆದೀತು. ಜೋಳ ತರಲು ದುಡ್ಡು ಎಲ್ಲಿಂದ ಅನ್ನುವ ಪ್ರಶ್ನೆ ಹಾಗೇ ಇತ್ತು.

ಮತ್ತೆ ಯೋಜನೆಯ ಪುಸ್ತಕ ತೆಗೆದೆ. ಅದೇ ಪಿಎಂಎಫ್‌ಎಂಇ, ನಾನು ಹತ್ತಾರು ಸಲ ಓದಿದ್ದು. ಅದರಲ್ಲೇ ಇತ್ತು: ಸ್ವಸಹಾಯ ಸಂಘದಲ್ಲಿ ಆಹಾರ ತಯಾರಿಸುವ ಸದಸ್ಯರಿಗೆ ತಲಾ 40,000 ರೂಪಾಯಿ ಬೀಜಧನ. ದುಡಿಯುವ ಬಂಡವಾಳಕ್ಕೆ ಮತ್ತು ಸಣ್ಣಪುಟ್ಟ ಸಲಕರಣೆಗೆ. ಸಂಘಗಳ ಒಕ್ಕೂಟದ ಮೂಲಕ ಬರುತ್ತೆ, ಸದಸ್ಯರು ಸಾಲದಂತೆ ತಗೊಂಡು ಒಕ್ಕೂಟಕ್ಕೇ ತಿರುಗಿ ಕಟ್ಟಬೇಕು. ಮಷಿನ್ ಬೇಕಿಲ್ಲ, ಕೊಟೇಶನ್ ಬೇಕಿಲ್ಲ, ಹತ್ತು ಹಾಳೆಯ ಪ್ರಾಜೆಕ್ಟ್ ರಿಪೋರ್ಟ್ ಬೇಕಿಲ್ಲ. ಇದನ್ನು ನಾನು ಯಾವತ್ತೂ ಯಾರಿಗೂ ಹೇಳಿರಲಿಲ್ಲ. ರಿಪೋರ್ಟ್ ಇಲ್ಲದ ಕಡೆ ನನ್ನಂಥವನಿಗೆ ಕೆಲಸವೂ ಇಲ್ಲ ಅಲ್ವಾ?

ಅರ್ಜಿ ಹಾಕಿದ್ದು ಸೆಪ್ಟೆಂಬರಿನಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಒಂದು ಹೆಸರು ಅಂತ ಇಬ್ಬರದು ವಾಪಸ್ ಬಂತು. ಮದುವೆ ಆದಮೇಲೆ ಹೆಸರು ಬದಲಾಗುವ ನಮ್ಮ ಕಡೆಯ ಪದ್ಧತಿಯಿಂದ ಎಷ್ಟು ಅರ್ಜಿ ಸಾಯುತ್ತವೆ ಅಂತ ಬೇರೆಯೇ ಬರೆಯಬಹುದು. ತಿದ್ದಿಸಿ ಮತ್ತೆ ಹಾಕಿದೆವು. 2025ರ ಫೆಬ್ರುವರಿಯಲ್ಲಿ, ಸರಿಯಾಗಿ ರಾಶಿ ಶುರುವಾಗುವ ಹೊತ್ತಿಗೆ, ಐದು ಮಂದಿಯ ಪಾಲು ಬಂತು. 2 ಲಕ್ಷ.

ನಲವತ್ತೆಂಟು ಕ್ವಿಂಟಲ್

ಆ ವರ್ಷ ಮಾಲದಂಡಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 3,421 ಇತ್ತು. ರೊಟ್ಟಿಗೆ ಒಗ್ಗುವ ಚಲೋ ಜೋಳ ಆ ರೇಟಿಗೆ ಸಿಗುವುದಿಲ್ಲ. ಅಕ್ಕಾರು ದಲ್ಲಾಳಿ ಹತ್ತಿರ ಹೋಗಲಿಲ್ಲ. ಅದೇ ಊರಿನ ಮೂರು ಹೊಲದವರ ಜತೆ ಕಣದಲ್ಲೇ ಮಾತಾಡಿದರು, 4,000ಕ್ಕೆ. ಕಾಳು ಬಾಯಿಗೆ ಹಾಕಿ ಕಡಿದು ನೋಡಿದ್ದು ಅದೇ ಅಜ್ಜಿ. ಒಂದು ರಾಶಿ ಬೇಡ ಅಂದಳು, ಹಸಿ ಇದೆ ಅಂತ. 48 ಕ್ವಿಂಟಲ್ ಆಯಿತು, 1 ಲಕ್ಷ 92 ಸಾವಿರ. ಉಳಿದ 8 ಸಾವಿರದಲ್ಲಿ ಒಳಗೆ ಪ್ಲಾಸ್ಟಿಕ್ ಪದರ ಇರುವ ಗಾಳಿಯಾಡದ ಚೀಲ ತಂದರು.

ಚೀಲದ ಬಗ್ಗೆ ಜಗಳ ಆಗಿತ್ತು. ಹಿಂದೆ ಈ ಊರಿನಲ್ಲಿ ಹಗೇವು ಇದ್ದವು. ನೆಲದೊಳಗೆ ಕಣಜ ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಗಾಳಿ ಇಲ್ಲ, ಹುಳ ಇಲ್ಲ. ಬರಗಾಲಕ್ಕೆ ಅದೇ ಆಧಾರ. ಈಗಿನ ಚೀಲವೂ ಮಾಡುವುದು ಅದನ್ನೇ. ಆದರೆ ಅಜ್ಜಿಗೆ ಪ್ಲಾಸ್ಟಿಕ್ ಮೇಲೆ ನಂಬಿಕೆ ಇಲ್ಲ. ಒಂದೊಂದು ಚೀಲದಲ್ಲೂ ಬೇವಿನ ಎಲೆ ಹಾಕಿಸಿದಳು. ಮಷಿನ್ ಇದ್ದ ಪಡಸಾಲೆಯೇ ಉಗ್ರಾಣ ಆಯಿತು. ನೆಲದ ತೇವ ತಾಗಬಾರದು ಅಂತ ಹಲಗೆ ಹಾಕಿದರು. ಜಾಗ ಸಾಲದೆ ಮಷಿನ್ ಮೇಲೂ ಪೇರಿಸಿದರು.

ಕೂಲಿ ಮತ್ತು ರೇಟು ಎರಡನ್ನೂ ಯುಗಾದಿಗೆ ಬದಲಾಯಿಸಿದೆವು. ಬಡಿದ ಒಂದು ರೊಟ್ಟಿಗೆ 2 ರೂಪಾಯಿ ಕೂಲಿ, ಒಡೆದರೂ ಕೂಲಿ. ಆಗ ನೂರಕ್ಕೆ ಖರ್ಚು 545. ಹಾಗಾಗಿ ರೊಟ್ಟಿಗೆ 6 ರೂಪಾಯಿ 50 ಪೈಸೆ. ಈ ರೇಟು ಹೇಳಲು ಅಕ್ಕಾರು ಒಬ್ಬರೇ ಹೋಗಲಿಲ್ಲ. ಕ್ಯಾಲೆಂಡರ್ ಹಾಳೆ ಸೆರಗಿನಲ್ಲಿ ಕಟ್ಟಿಕೊಂಡು ಮೂವರು ಹೋದರು. ಇಬ್ಬರು ಖಾನಾವಳಿಯವರು ಗೊಣಗಿ ಒಪ್ಪಿದರು. ಮೂರನೆಯವನು, ಎಲ್ಲರಿಗಿಂತ ಹೆಚ್ಚು ಉದ್ರಿ ಇಟ್ಟುಕೊಂಡವನು, ಬೇರೆ ಕಡೆಯಿಂದ ತರಿಸುತ್ತೇನೆ ಅಂದ. ಅವನ ಬಾಕಿ ಇನ್ನೂ ಪೂರ್ತಿ ಬಂದಿಲ್ಲ.

ವ್ಯಾಪಾರ 800ರಿಂದ 650ಕ್ಕೆ ಬಿತ್ತು. ನನಗೆ ಎದೆ ಧಸಕ್ ಅಂದಿತು. ಲೆಕ್ಕ ಹಾಕಿದರೆ ಹೀಗೆ: ನೂರಕ್ಕೆ 66 ರೂಪಾಯಿ ಉಳಿತಾಯ, ತಿಂಗಳಿಗೆ 24 ದಿನ, ಒಟ್ಟು 10,300 ಹತ್ತಿರ. ಬ್ಯಾಂಕಿನ ಕಂತು 9,400 ಕಟ್ಟಿದರೆ ಉಳಿಯುವುದು ಸಾವಿರದೊಳಗೆ. ಇದನ್ನು ಗೆಲುವು ಅಂತ ನಾನು ಯಾವ ಸಭೆಯಲ್ಲೂ ಹೇಳಲಾರೆ. ಒಬ್ಬೊಬ್ಬರಿಗೆ ದಿನಕ್ಕೆ 130 ರೊಟ್ಟಿ, 260 ರೂಪಾಯಿ. 2025-26ಕ್ಕೆ ಉದ್ಯೋಗ ಖಾತ್ರಿ ಕೂಲಿ 370 ಆಗಿತ್ತು. ಇನ್ನೂ ದೂರವೇ. ಆದರೆ ಮಳೆಗಾಲ ಬಂದು ಸಂತೆಯಲ್ಲಿ ಜೋಳ ಏರಿದಾಗ ಇವರ ಕೂಲಿ ಅಲುಗಲಿಲ್ಲ. ತಿಂಗಳಿಗೆ 8 ಕ್ವಿಂಟಲ್ ತೆಗೆದು, ಜೂನ್‌ನಿಂದ ನವೆಂಬರ್‌ವರೆಗೆ ಅದೇ 48 ಕ್ವಿಂಟಲ್ ನಡೆಯಿತು. ಮೈಕ್ರೋ ಫೈನಾನ್ಸಿನ ಒಂದು ಸಾಲ ತೀರಿತು. ಇನ್ನೊಂದನ್ನು ಹೊಸದು ಮಾಡಿಸಲಿಲ್ಲ.

ಸಣ್ಣಪುಟ್ಟ ಸಂಗತಿಗಳು

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದೆವು, ಅದು ಪುಕ್ಕಟೆ. ದುಡ್ಡು ಕೇಳುವ ಏಜೆಂಟರಿದ್ದಾರೆ, ಕೊಡಬೇಡಿ. ಆಹಾರ ಸುರಕ್ಷತೆಯ ನೋಂದಣಿಯೂ ಆಯಿತು. ಆಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ 100 ರೂಪಾಯಿ ಫೀಸಿನ ನೋಂದಣಿ ಸಾಕಿತ್ತು. ಆ ನೋಂದಣಿಯ ಹದಿನಾಲ್ಕು ಅಂಕಿಯ ನಂಬರು ಕವರಿನ ಮೇಲೆ ಬಂದಮೇಲೆ ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿ ಹತ್ತು ರೊಟ್ಟಿಯ ಪ್ಯಾಕೆಟ್ ಕೇಳಿತು. ಜತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಪುಡಿ. ಪುಡಿಯಲ್ಲಿ ರೊಟ್ಟಿಗಿಂತ ಜಾಸ್ತಿ ಉಳಿಯುತ್ತೆ, ಒಡೆಯುವ ಚಿಂತೆಯೂ ಇಲ್ಲ.

ಮೊದಲ ಪೆಟ್ಟಿಗೆ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅರ್ಧ ಪುಡಿಯಾಗಿತ್ತು. ಎರಡನೆಯದಕ್ಕೆ ಬೂಷ್ಟು ಬಂತು. ಬಿಸಿ ಆರುವ ಮೊದಲೇ ಕವರಿಗೆ ಹಾಕಿದ್ದರು, ಮಳೆಗಾಲ ಬೇರೆ. ಈಗ ಸುಟ್ಟ ರೊಟ್ಟಿಯನ್ನು ಹಂಚಿನ ಪಕ್ಕ ಒರಗಿಸಿ, ಪೂರ್ತಿ ಕಟಕ್ ಆದಮೇಲೆ, ಒಂದು ರಾತ್ರಿ ಬಿಟ್ಟು ಪ್ಯಾಕ್ ಮಾಡುತ್ತಾರೆ. ಪೆಟ್ಟಿಗೆಯಲ್ಲಿ ಮಲಗಿಸದೆ ನಿಲ್ಲಿಸಿ ಇಡುತ್ತಾರೆ, ಬಳೆಗಾರ ಬಳೆ ಇಟ್ಟಂತೆ. ಈ ಉಪಾಯ ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ. ಬಡಿಯುವವರಲ್ಲಿ ಒಬ್ಬಳ ತಾಯಿ ಬಳೆ ಮಾರುತ್ತಿದ್ದಳಂತೆ.

ಉದ್ರಿಗೆ ಕಾನೂನು ಇದೆ. 2006ರ ಎಂಎಸ್‌ಎಂಇ (ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆ ಪ್ರಕಾರ ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ಕೊಡಲೇಬೇಕು, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಚಕ್ರಬಡ್ಡಿ, ಅದೂ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು. ಇದನ್ನು ಹೇಳಿದಾಗ ಅಕ್ಕಾರು, "ದಿನಾ ಮಾರಿ ನೋಡೂ ಮಂದಿ ಮ್ಯಾಲ ಕೇಸ್ ಹಾಕಬೇಕೇನ್ರಿ?" ಅಂದರು. ಅದೂ ಸರಿ. ಖಾನಾವಳಿಗೆ ಈ ಕಾನೂನು ನಾಟುವುದಿಲ್ಲ. ಹುಬ್ಬಳ್ಳಿ ಅಂಗಡಿಗೆ ಮಾತ್ರ ನಾಟುತ್ತೆ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಒಂದು ನಿಯಮ ಜಾರಿಗೆ ಬಂದಿದೆ. ಸಣ್ಣ ಉದ್ಯಮಕ್ಕೆ ಈ ಗಡುವಿನೊಳಗೆ ದುಡ್ಡು ಕೊಡದಿದ್ದರೆ, ಆ ಖರ್ಚನ್ನು ಕೊಟ್ಟ ವರ್ಷದಲ್ಲಿ ಮಾತ್ರ ತೋರಿಸಬಹುದು. ಅವರ ಅಕೌಂಟೆಂಟೇ ಫೋನ್ ಮಾಡಿ ಉದ್ಯಮ್ ಸರ್ಟಿಫಿಕೇಟ್ ಕೇಳಿದ. ದುಡ್ಡು ತಿಂಗಳಿಗೆ ಸರಿಯಾಗಿ ಬರುತ್ತೆ. ಖಾನಾವಳಿಗಳಿಗೆ ಅಕ್ಕಾರು ತಮ್ಮದೇ ಕಾನೂನು ಮಾಡಿದ್ದಾರೆ: ಹಿಂದಿನ ಹದಿನೈದು ದಿನದ ಬಾಕಿ ಚುಕ್ತಾ ಆಗದೆ ಮುಂದಿನ ಬುಟ್ಟಿ ಬಸ್ಸು ಹತ್ತುವುದಿಲ್ಲ. ಎರಡು ಸಲ ಬುಟ್ಟಿ ಹತ್ತಲಿಲ್ಲ. ಆಮೇಲೆ ಸರಿಹೋಯಿತು.

ಮಷಿನ್ ವಿಷಯ ಬಿಟ್ಟೆ. ಮಾರಲು ಆಗುವುದಿಲ್ಲ, ಸಬ್ಸಿಡಿ ವಜಾ ಆಗುವವರೆಗೆ ಘಟಕ ಚಾಲ್ತಿಯಲ್ಲಿರಬೇಕು. ಮದುವೆ ಸೀಸನ್ನಿನಲ್ಲಿ ಒಂದೇ ದಿನಕ್ಕೆ 2,000 ರೊಟ್ಟಿ ಕೇಳುವವರು ಬರುತ್ತಾರೆ. ಅವರಿಗೆ ಕೈರೊಟ್ಟಿ, ಮಷಿನ್ ರೊಟ್ಟಿ ಅನ್ನುವ ಭೇದ ಇಲ್ಲ. ಆಗ ಸೀರೆ ತೆಗೆಯುತ್ತಾರೆ. ಆ ದಿನ ಬಡಿಯುವವರೇ ಮಷಿನ್ ನಡೆಸುತ್ತಾರೆ, ಕೂಲಿ ಎಲ್ಲರಿಗೂ ಸಮ. ಆ ಲೆಕ್ಕವನ್ನು ಅವರೇ ಕೂತು ತೀರ್ಮಾನ ಮಾಡಿಕೊಂಡರು, ನನ್ನನ್ನು ಕೇಳಲಿಲ್ಲ. ನಾನು ಈಗ ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಮೊದಲು ಇವತ್ತು ಎಷ್ಟು ಮಾರುತ್ತೀರಿ, ದುಡ್ಡು ಎಷ್ಟು ದಿನಕ್ಕೆ ಬರುತ್ತೆ ಅಂತ ಎರಡು ಪ್ರಶ್ನೆ ಕೇಳುತ್ತೇನೆ. ಕೆಲವರು ಎದ್ದು ಬೇರೆ ಆಫೀಸಿಗೆ ಹೋಗುತ್ತಾರೆ.

2026ರ ಜನವರಿಯಲ್ಲಿ ಮತ್ತೆ ಆ ಊರಿಗೆ ಹೋಗಿದ್ದೆ. ಜಾತ್ರೆ ಹತ್ತಿರ ಬಂದಿತ್ತು. ಶೆಡ್ಡಿನಲ್ಲಿ ಟಪಟಪ ಜೋರಾಗಿತ್ತು, ಓಣಿಯ ಇನ್ನೂ ನಾಲ್ಕು ಮಂದಿ ಬಂದು ಕೂತಿದ್ದರು. ಹುಬ್ಬಳ್ಳಿ ಆರ್ಡರೋ ಅಂತ ಕೇಳಿದೆ. "ಅಲ್ರಿ, ಅಜ್ಜಾರ ಜಾತ್ರಿಗೆ," ಅಂದರು ಅಕ್ಕಾರು. ಕಟ್ಟೆಯ ಮೇಲೆ ಲೆಕ್ಕದ ಪುಸ್ತಕ ಇತ್ತು, ಈಗ ಪುಸ್ತಕ ಇಡುತ್ತಾರೆ. ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಜೋಳ 60 ಕಿಲೋ ಅಂತ ಬರೆದು ಬೆಲೆ ಹಾಕಿದ್ದರು. ಗಿರಣಿ, ಕಟ್ಟಿಗೆ ಬರೆದಿದ್ದರು. ಅದರ ಕೆಳಗೆ ಒಂಬತ್ತು ಮಂದಿಯ ಹೆಸರು, ಒಬ್ಬೊಬ್ಬರ ಮುಂದೆ ಎಷ್ಟು ರೊಟ್ಟಿ, 2 ರೂಪಾಯಿಯಂತೆ ಎಷ್ಟು ಕೂಲಿ. ಒಟ್ಟು ಕೂಡಿಸಿ, ಎದುರಿಗೆ, ದುಡ್ಡು ಯಾರಿಂದ ಬರಬೇಕು ಅಂತ ಬರೆಯುವ ಜಾಗದಲ್ಲಿ, ಪೆನ್ನಿನಿಂದ ದಪ್ಪಗೆ ತಿದ್ದಿ ಬರೆದಿತ್ತು: ಗವಿಸಿದ್ದಪ್ಪಜ್ಜಗ ಮುಟ್ಟಿತು.